ನಿಮಗಿದು ಗೊತ್ತೇ? ಪೆಟ್ರೋಲ್ ಬಂಕಿನಲ್ಲಿ ಮಿಗುವ ಕಾಸು

◆ ನಮ್ಮ ದೇಶದಲ್ಲಿ ಪೆಟ್ರೋಲ್ ಬೆಲೆ ಬದಲಾಗುವುದು ಬೆಳಿಗ್ಗೆ 6 ಗಂಟೆಗೆ. 2017ರ ಜೂನ್ 16ರಿಂದ ಎಲ್ಲ ಕಡೆ ಇದೇ ಪದ್ಧತಿ. ಅದಕ್ಕೂ ಮೊದಲು 15 ದಿನಕ್ಕೊಮ್ಮೆ ಪರಿಷ್ಕರಣೆ ಇತ್ತು. ‘ಮಧ್ಯರಾತ್ರಿಯಿಂದ ದರ ಏರಿಕೆ’ ಅಂತ ಟಿವಿಯಲ್ಲಿ ಪಟ್ಟಿ ಓಡಿದ್ದೇ ತಡ, ಊಟ ಅರ್ಧಕ್ಕೆ ಬಿಟ್ಟು ಸ್ಕೂಟರ್ ತೆಗೆದು ಬಂಕಿನ ಮುಂದೆ ಸಾಲು ನಿಲ್ಲುತ್ತಿದ್ದೆವಲ್ಲ, ಆ ಕಾಲ.

◆ ದಿನದಿನವೂ ಬದಲಾಗಬೇಕಾದ ಬೆಲೆ ಹೆಚ್ಚುಕಮ್ಮಿ 22 ತಿಂಗಳು ಅಲುಗಾಡದೆ ಕೂತಿದ್ದೂ ಉಂಟು. 2022ರ ಮೇ 22ರಿಂದ 2024ರ ಮಾರ್ಚ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಪೆಟ್ರೋಲಿಗೆ ಅದೇ 101 ರೂಪಾಯಿ 94 ಪೈಸೆ. ‘ನಾಳೆ ಇಳಿಯಬಹುದು, ಇವತ್ತು ನೂರು ರೂಪಾಯಿಗೆ ಮಾತ್ರ ಹಾಕಿಸೋಣ’ ಅಂದುಕೊಂಡು ಆಗ ಕಾದವರಿಗೆ ಸಿಕ್ಕಿದ್ದು ಬಂಕಿಗೆ ಇನ್ನೊಂದು ಸಲ ಹೋಗುವ ಕೆಲಸ.

◆ ಎದುರು ಬದುರು ಇರುವ ಎರಡು ಸರ್ಕಾರಿ ಕಂಪನಿಗಳ ಬಂಕ್‌ಗಳಲ್ಲಿ ಅಗ್ಗದ್ದು ಯಾವುದು ಎಂದು ಹುಡುಕಿದರೆ ಸಿಗುವುದು ಪೈಸೆ ಲೆಕ್ಕದ ವ್ಯತ್ಯಾಸ. ಖಾಸಗಿಯವರು ಮಾತ್ರ ಆಗಾಗ ಬೇರೆ ಬೆಲೆ ಇಡುತ್ತಾರೆ. 2023ರ ಜೂನ್‌ನಲ್ಲಿ ನಯಾರಾ ಕಂಪನಿ ಲೀಟರಿಗೆ 1 ರೂಪಾಯಿ ಕಡಿಮೆಗೆ ಮಾರಿತ್ತು. ನಿಮ್ಮ ಊರಿನ ದರ ತಿಳಿಯಲು ಬಂಕಿನವರೆಗೆ ಹೋಗಬೇಕಾಗಿಲ್ಲ. ಮೂರೂ ಸರ್ಕಾರಿ ಕಂಪನಿಗಳ ಆ್ಯಪ್‌ಗಳಲ್ಲಿ ಅಂದಂದಿನ ದರ ಇರುತ್ತದೆ.

◆ ಹಾಗಾದರೆ ಬೆಲೆ ಹೋಲಿಸಬೇಕಾದ್ದು ಎಲ್ಲಿ? ಜಿಲ್ಲೆ ದಾಟಿದಾಗ, ಅದಕ್ಕಿಂತ ಹೆಚ್ಚಾಗಿ ರಾಜ್ಯ ದಾಟಿದಾಗ. ಕರ್ನಾಟಕದೊಳಗೆ ಸಾಮಾನ್ಯವಾಗಿ ಮಂಗಳೂರಿನ ಕಡೆ ಪೆಟ್ರೋಲ್ ತುಸು ಅಗ್ಗ. ಎಂಆರ್‌ಪಿಎಲ್ ಸಂಸ್ಕರಣಾಗಾರ ಅಲ್ಲೇ, ಬಂದರೂ ಅಲ್ಲೇ. ಸಾಗಣೆ ಖರ್ಚು ಕಡಿಮೆ. ಡಿಪೋದಿಂದ ದೂರ ಹೋದಷ್ಟೂ ಟ್ಯಾಂಕರ್ ಬಾಡಿಗೆ ನಿಮ್ಮ ಲೀಟರಿಗೆ ಸೇರುತ್ತದೆ. ಅಂದಹಾಗೆ, ಬೆಂಗಳೂರಿಗೆ ಬರುವ ತೈಲವೆಲ್ಲ ಟ್ಯಾಂಕರ್ ಲಾರಿಯಲ್ಲೇ ಶಿರಾಡಿ ಘಾಟಿ ಹತ್ತುತ್ತದೆ ಅಂದುಕೊಂಡಿದ್ದರೆ, ಇಲ್ಲ. ಮಂಗಳೂರಿನಿಂದ ನೆರಿಯ, ಹಾಸನದ ಮೇಲೆ ಹಾದು ಬೆಂಗಳೂರಿನ ಹತ್ತಿರದ ದೇವನಗೊಂದಿಯವರೆಗೆ ನೆಲದಡಿ 362 ಕಿ.ಮೀ. ಉದ್ದದ ಕೊಳವೆ ಇದೆ. ಪೆಟ್ರೋಲು, ಡೀಸೆಲ್ಲು ಪಶ್ಚಿಮ ಘಟ್ಟವನ್ನು ಅದರೊಳಗೇ ಏರುತ್ತವೆ.

◆ ರಾಜ್ಯದ ಗಡಿಯಲ್ಲಿ ಬೆಲೆ ಹಾರುವುದಕ್ಕೆ ಕಾರಣ ತೆರಿಗೆ. ಪೆಟ್ರೋಲ್ ಇನ್ನೂ ಜಿಎಸ್‌ಟಿಯ ಹೊರಗಿದೆ. ಕೇಂದ್ರದ ಅಬಕಾರಿ ಸುಂಕ ಎಲ್ಲರಿಗೂ ಒಂದೇ, ಅದರ ಮೇಲೆ ರಾಜ್ಯದವರು ತಮಗೆ ಬೇಕಾದಷ್ಟು. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ 99.84 ಇದ್ದದ್ದು 102.86 ಆಯಿತು. ಇದನ್ನು ನೆನಪಿಟ್ಟುಕೊಳ್ಳಿ: ಬೆಲೆ ಏರಿದ್ದು ಹತ್ತಿರ ಹತ್ತಿರ ಶೇ 3. ಕಾರ್ಡ್ ಕಂಪನಿಗಳ ಲೆಕ್ಕಕ್ಕೆ ಬಂದಾಗ ಈ ಮೂರು ಮತ್ತೆ ಬೇಕಾಗುತ್ತದೆ.

◆ ಅಷ್ಟು ಏರಿಸಿದ ಮೇಲೂ ಕೇರಳ, ಆಂಧ್ರ, ತೆಲಂಗಾಣದವರ ಕಣ್ಣಿಗೆ ನಾವೇ ಅಗ್ಗದವರಾಗಿ ಉಳಿದೆವು. ಆ ವರ್ಷ ಹೈದರಾಬಾದಿನಲ್ಲಿ ಲೀಟರಿಗೆ 107 ದಾಟಿತ್ತು. ಕೇರಳ 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿಸಿತ್ತು. ಗಡಿಯ ತಲಪಾಡಿಯ ಈಚೆಗಿನ ಬಂಕ್‌ಗಳಲ್ಲಿ ಕಾಸರಗೋಡಿನ ನೋಂದಣಿಯ ಕಾರುಗಳು ಬಂದು ನಿಲ್ಲುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕೇರಳದವರಿಗೆ ಇನ್ನೂ ಒಂದು ಗುಟ್ಟಿನ ಜಾಗ ಇದೆ, ಗುಟ್ಟೇನೂ ಅಲ್ಲ, ಊರಿಗೆಲ್ಲ ಗೊತ್ತು: ಮಾಹೆ. ಕಣ್ಣೂರಿಗೂ ಕೋಯಿಕ್ಕೋಡಿಗೂ ನಡುವೆ ಇರುವ ಈ ಪುಟ್ಟ ಊರು ಆಡಳಿತದಲ್ಲಿ ಪುದುಚೇರಿಗೆ ಸೇರಿದ್ದು. ಅಲ್ಲಿ ತೆರಿಗೆ ಕಡಿಮೆ. 2024ರಲ್ಲಿ ಲೀಟರಿಗೆ 10 ರೂಪಾಯಿಗೂ ಮಿಕ್ಕಿದ ವ್ಯತ್ಯಾಸವಿತ್ತು.

◆ ನಮಗೆ ಅಗ್ಗದ ನೆರೆಮನೆ ಎಂದರೆ ಗೋವಾ. 2024ರ ಮಧ್ಯದಲ್ಲಿ ಲೀಟರಿಗೆ 6 ರೂಪಾಯಿ ಆಸುಪಾಸು ಕಡಿಮೆ ಇತ್ತು. ಹಾಗಂತ ಕಾರವಾರದಿಂದ ಬೈಕಿನಲ್ಲಿ ಹೊರಟುಬಿಡಬೇಡಿ, ಮೊದಲು ಲೆಕ್ಕ ನೋಡಿ. ಗಡಿಯಾಚೆಗೆ ಹೋಗಿ ಬರಲು 30 ಕಿ.ಮೀ. ಎಂದಿಟ್ಟುಕೊಳ್ಳೋಣ. ಲೀಟರಿಗೆ 50 ಕಿ.ಮೀ. ಕೊಡುವ ಬೈಕು 0.6 ಲೀಟರ್, ಅಂದರೆ 60 ರೂಪಾಯಿ ಕುಡಿಯಿತು. ಟ್ಯಾಂಕಿಗೆ ಬಿದ್ದದ್ದು 8 ಲೀಟರ್. ಉಳಿದದ್ದು 48 ರೂಪಾಯಿ. ಹನ್ನೆರಡು ರೂಪಾಯಿ ಕೈಬಿಟ್ಟಿತು, ಅರ್ಧ ದಿನವೂ ಹೋಯಿತು. ಹೇಗೂ ಮಡಗಾಂವ್ ಕಡೆ ಕೆಲಸ ಇದ್ದು ಹೋದವರು ಬರುವಾಗ ಟ್ಯಾಂಕ್ ಫುಲ್ ಮಾಡಿಸಿಕೊಂಡು ಬಂದರೆ ಅದು ಜಾಣತನ.

◆ ಇನ್ನು ಕಾರ್ಡ್. ಕ್ರೆಡಿಟ್ ಕಾರ್ಡಿನಲ್ಲಿ 1,000 ರೂಪಾಯಿ ಪೆಟ್ರೋಲ್ ಹಾಕಿಸಿದರೆ ಸಾಮಾನ್ಯವಾಗಿ ಶೇ 1 ಸರ್‌ಚಾರ್ಜ್ ಬೀಳುತ್ತದೆ, 10 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 1 ರೂಪಾಯಿ 80 ಪೈಸೆ. ‘ಸರ್‌ಚಾರ್ಜ್ ಮನ್ನಾ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಕಾರ್ಡಿನಲ್ಲಿ ಆ 10 ವಾಪಸ್ ಬರುತ್ತದೆ, 1.80 ಬರುವುದಿಲ್ಲ. ತಿಂಗಳ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಇರುವೆ ಸಾಲಿನ ಹಾಗೆ ಕಾಣುವ ಪುಡಿ ಮೊತ್ತಗಳು ಇವೇ.

◆ ಈ ಮನ್ನಾ ಕೂಡ ಎಲ್ಲ ಬಿಲ್ಲಿಗೂ ಇಲ್ಲ. ಅನೇಕ ಕಾರ್ಡ್‌ಗಳಲ್ಲಿ ಬಿಲ್ 400 ರೂಪಾಯಿಂದ 4,000 ಅಥವಾ 5,000ದೊಳಗೆ ಇರಬೇಕು. ದಿನಾ ಇನ್ನೂರು ರೂಪಾಯಿಗೆ ಹಾಕಿಸುವ ಬೈಕಿನವರು ಲೆಕ್ಕದ ಹೊರಗೆ. ಸಾಲದ್ದಕ್ಕೆ, ಬೇರೆಲ್ಲ ಖರೀದಿಗೆ ಪಾಯಿಂಟ್ ಕೊಡುವ ಎಷ್ಟೋ ಕಾರ್ಡ್‌ಗಳು ಪೆಟ್ರೋಲಿಗೆ ಮಾತ್ರ ಕೊಡುವುದಿಲ್ಲ. ಅದಕ್ಕೇ ತೈಲ ಕಂಪನಿಯೂ ಬ್ಯಾಂಕೂ ಸೇರಿ ತರುವ ಜೋಡಿ ಹೆಸರಿನ ಕಾರ್ಡ್‌ಗಳಿಗೆ ಬೇಡಿಕೆ.

◆ ಜೋಡಿ ಕಾರ್ಡಿನ ಜಾಹೀರಾತನ್ನು ಓದುವ ಬಗೆ ಬೇರೆ. ಭಾರತ್ ಪೆಟ್ರೋಲಿಯಂ ಮತ್ತು ಎಸ್‌ಬಿಐ ಕಾರ್ಡ್ ಸೇರಿ ತಂದ ಕಾರ್ಡ್ ಬಂದದ್ದು ‘ಶೇ 4.25 ಲಾಭ’ ಎಂಬ ಮಾತಿನೊಂದಿಗೆ. ಬಿಡಿಸಿ ನೋಡಿದರೆ ಪಾಯಿಂಟ್ ರೂಪದಲ್ಲಿ ಬರುವುದು ಶೇ 3.25. ಉಳಿದ ಶೇ 1 ಅದೇ ಸರ್‌ಚಾರ್ಜ್ ಮನ್ನಾ. ವಸೂಲಿ ಮಾಡದೆ ಬಿಟ್ಟ ಹಣವನ್ನೂ ಕೊಟ್ಟ ಲೆಕ್ಕಕ್ಕೆ ಹಾಕುವುದು, ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವವರಿಗೂ ಹೊಳೆಯದ ಉಪಾಯ!

ಶೇ 3.25 ಎಂದರೆ ಎಷ್ಟು? ತೆರಿಗೆಯಿಂದ ಏರಿದ ಆ ಶೇ 3ಕ್ಕೆ ಹೆಚ್ಚುಕಮ್ಮಿ ಸಮ. ತಿಂಗಳಿಗೆ 20 ಲೀಟರ್ ಬೇಕಾದ ಬೈಕು, ಲೀಟರಿಗೆ 103. ತಿಂಗಳಿಗೆ 2,060, ವರ್ಷಕ್ಕೆ 24,720. ಪಾಯಿಂಟಿನಿಂದ ಬಂದದ್ದು ಸುಮಾರು 803 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 499 ಇದ್ದರೆ ಜಿಎಸ್‌ಟಿ ಸೇರಿ 589. ಕೈಗೆ ದಕ್ಕಿದ್ದು 214. ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬ ಷರತ್ತು ಅನೇಕ ಕಡೆ ಇರುತ್ತದೆ; ದಿನಸಿ, ಕರೆಂಟ್ ಬಿಲ್ಲನ್ನೂ ಅದೇ ಕಾರ್ಡಿನಲ್ಲಿ ಕಟ್ಟುವವರಿಗೆ ಆ ಮಿತಿ ದಾಟುತ್ತದೆ, ಬರೀ ಬೈಕಿನ ಪೆಟ್ರೋಲಿಗೆ ದಾಟುವುದು ಕಷ್ಟ. ತಿಂಗಳಿಗೆ ಎಂಟು ಹತ್ತು ಸಾವಿರದ ಪೆಟ್ರೋಲ್ ಹಾಕಿಸುವ ಕಾರಿನವರಿಗೆ ಇಂಥ ಕಾರ್ಡ್ ನಿಜಕ್ಕೂ ಲಾಭವೇ, ಇಲ್ಲ ಎನ್ನಲಾರೆ. ಅವರಿಗೂ ತಿಂಗಳ ಪಾಯಿಂಟಿಗೆ ಮೇಲ್ಮಿತಿ ಎಂಬ ಬೇಲಿ ಇದ್ದೇ ಇರುತ್ತದೆ.

◆ ಬಾಕಿ ಉಳಿಸಿಕೊಂಡ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು. ತಿಂಗಳಿಗೆ! ಒಂದು ತಿಂಗಳ ಪೆಟ್ರೋಲಿನ ಪಾಯಿಂಟನ್ನೆಲ್ಲ ಒಂದು ತಿಂಗಳ ಮರೆವು ನುಂಗಿ ನೀರು ಕುಡಿಯುತ್ತದೆ.

◆ ಪಾಯಿಂಟಿಗೂ ಆಯುಷ್ಯ ಉಂಟು. ನಾನು ಎರಡು ವರ್ಷ ಜೋಪಾನ ಮಾಡಿದ್ದೆ, ದಸರಾ ರಜೆಗೆ ಊರಿಗೆ ಹೋಗುವ ಪೆಟ್ರೋಲಿಗೆ ಆಗಲಿ ಅಂತ. ಹೊರಡುವ ಹಿಂದಿನ ದಿನ ಆ್ಯಪ್ ತೆರೆದರೆ ಸೊನ್ನೆ. ಸಹಾಯವಾಣಿಯ ಹುಡುಗಿ ಬಹಳ ವಿನಯದಿಂದ, ‘ಸರ್, ನಿಮ್ಮ ಪಾಯಿಂಟ್ಸ್ ಹೋದ ತಿಂಗಳೇ ಲ್ಯಾಪ್ಸ್ ಆಗಿದೆ’ ಅಂದಳು. ಬ್ಯಾಂಕಿನ ಹೆಸರು ಬೇಡ. ಷರತ್ತನ್ನು ಅವರು ಬರೆದಿದ್ದರು, ಓದದವನು ನಾನು.

◆ ನೋಟು ರದ್ದತಿಯ ಹೊತ್ತಿನಲ್ಲಿ, 2016ರ ಡಿಸೆಂಬರ್‌ನಿಂದ, ಬಂಕಿನಲ್ಲಿ ಕಾರ್ಡ್ ಉಜ್ಜಿದರೆ ಶೇ 0.75 ರಿಯಾಯಿತಿ ಸಿಗುತ್ತಿತ್ತು. 2018ರಲ್ಲಿ ಅದು 0.25ಕ್ಕೆ ಇಳಿಯಿತು, 2019ರ ಅಕ್ಟೋಬರ್ 1ರಿಂದ ಕ್ರೆಡಿಟ್ ಕಾರ್ಡಿಗೆ ಪೂರ್ತಿ ನಿಂತಿತು.

◆ ಬಂಕಿಂದ ಬಂಕಿಗೆ ಬೆಲೆ ಹೋಲಿಸುವ ನಿಜವಾದ ಆಟ ನೋಡಬೇಕೆಂದರೆ ಅಮೆರಿಕಕ್ಕೆ ಹೋಗಬೇಕು. ಒಂದೇ ರಸ್ತೆಯ ಎರಡು ಬಂಕ್‌ಗಳ ನಡುವೆ ಗ್ಯಾಲನ್ನಿಗೆ, ಅಂದರೆ ಸುಮಾರು 3.8 ಲೀಟರಿಗೆ, ಹತ್ತಿಪ್ಪತ್ತು ಸೆಂಟ್ ವ್ಯತ್ಯಾಸ ಅಲ್ಲಿ ಮಾಮೂಲು. 2000ದಲ್ಲಿ ಶುರುವಾದ ಗ್ಯಾಸ್‌ಬಡ್ಡಿ ಎಂಬ ಸೇವೆ ಬೆಳೆದದ್ದೇ ಜನರು ತಾವು ಕಂಡ ಬೆಲೆಯನ್ನು ಒಬ್ಬರಿಗೊಬ್ಬರು ತಿಳಿಸಿ. ಕ್ರೋಗರ್ ಎಂಬ ದಿನಸಿ ಅಂಗಡಿ ಸರಪಳಿಯಲ್ಲಿ ಸಾಮಾನು ಕೊಂಡು 100 ಪಾಯಿಂಟ್ ಕೂಡಿಸಿದರೆ ಗ್ಯಾಲನ್ನಿಗೆ 10 ಸೆಂಟ್ ಕಡಿತ. ಕಾಸ್ಟ್‌ಕೋದಲ್ಲಿ ಸದಸ್ಯತ್ವ ಇದ್ದವರಿಗೆ ಅಗ್ಗದ ಪೆಟ್ರೋಲ್. ಸಾಲು ಮಾತ್ರ ನಮ್ಮ ಹಳೇ ಮಧ್ಯರಾತ್ರಿಯ ಸಾಲಿನಷ್ಟೇ ಉದ್ದ. ಎಷ್ಟೋ ಬಂಕ್‌ಗಳ ಫಲಕದಲ್ಲಿ ನಗದಿಗೊಂದು ಬೆಲೆ, ಕಾರ್ಡಿಗೊಂದು ಬೆಲೆ. ಬೆಲೆಯ ಕೊನೆಯಲ್ಲಿ ಸೆಂಟಿನ ಹತ್ತರಲ್ಲಿ ಒಂಬತ್ತು ಭಾಗ ಎಂಬ ಬಾಲ ಬೇರೆ, ನಮ್ಮ ಚಪ್ಪಲಿ ಅಂಗಡಿಯ 499ರ ಅಣ್ಣ. ಕಾರಿನಿಂದಿಳಿದು ತಾವೇ ಹಾಕಿಕೊಳ್ಳುವುದು ಅಲ್ಲಿನ ರೂಢಿ, ನ್ಯೂಜೆರ್ಸಿ ಒಂದನ್ನು ಬಿಟ್ಟು. ಆ ರಾಜ್ಯದಲ್ಲಿ 1949ರಿಂದ ಗ್ರಾಹಕ ತಾನೇ ಹಾಕಿಕೊಳ್ಳುವಂತಿಲ್ಲ. ಅಲ್ಲಿರುವ ಕನ್ನಡಿಗರು ಕಿಟಕಿ ಇಳಿಸಿ ‘ಫುಲ್’ ಎಂದು ಊರಿನಲ್ಲಿದ್ದಂತೆಯೇ ಕೂರಬಹುದು.

◆ ಕಾರ್ಡಿನ ಶೇ 3ಕ್ಕಿಂತ ದೊಡ್ಡ ಲೆಕ್ಕ ಟ್ಯಾಂಕಿನೊಳಗೇ ಇದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ತಕ್ಕಂತೆ ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮುನ್ನೋಟವೇ ಹೇಳಿತ್ತು.

◆ ದುಬಾರಿ ‘ಪ್ರೀಮಿಯಂ’ ಪೆಟ್ರೋಲಿನ ಹೆಚ್ಚಿನ ಆಕ್ಟೇನ್ ಬೇಕಾದದ್ದು ಹೆಚ್ಚು ಒತ್ತಡದ ಎಂಜಿನ್‌ಗಳಿಗೆ. ಮಾಮೂಲಿ ಪೆಟ್ರೋಲ್ ಸಾಕೆಂದು ತಯಾರಕರೇ ಬರೆದ ಸ್ಕೂಟರಿಗೆ ಅದನ್ನು ಕುಡಿಸುವುದು ಮೊಸರನ್ನಕ್ಕೆ ಕೇಸರಿ ಹಾಕಿದ ಹಾಗೆ.

◆ 100ಕ್ಕೆ ಬದಲು 110ಕ್ಕೆ ಹಾಕಿಸಿದರೆ ಮೋಸ ಆಗುವುದಿಲ್ಲ ಎನ್ನುತ್ತಾರೆ. ಯಂತ್ರಕ್ಕೆ ಎರಡೂ ಒಂದೇ. ಬೆಳಗಿನ ತಂಪಿನಲ್ಲಿ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎಂಬುದೂ ಅಷ್ಟೇ. ನೆಲದಡಿಯ ಟ್ಯಾಂಕಿಗೆ ಬೆಳಗು ಮಧ್ಯಾಹ್ನದ ವ್ಯತ್ಯಾಸ ತಟ್ಟುವುದು ಬಹಳ ಕಡಿಮೆ.

◆ ಅಳತೆಯ ಅನುಮಾನ ಇದ್ದರೆ ಕೇಳಬೇಕಾದ್ದು 5 ಲೀಟರಿನ ಮಾಪಕವನ್ನು. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಆ ಕ್ಯಾನ್ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿ ಲೀಟರ್ ಹೆಚ್ಚುಕಮ್ಮಿಗೆ ಮಾತ್ರ ಅವಕಾಶ. ಒಮ್ಮೆ ಧೈರ್ಯ ಮಾಡಿ ಕೇಳಿದೆ. ‘ಝೀರೋ ನೋಡಿ ಸಾರ್’ ಅನ್ನುತ್ತಿದ್ದ ಹುಡುಗ ನನ್ನ ಮುಖ ನೋಡಿದ, ಹಿಂದಿನ ಸಾಲು ಹಾರ್ನ್ ಹೊಡೆಯಿತು. ಮ್ಯಾನೇಜರ್ ಒಳಗಿಂದ ಶಂಕುವಿನಾಕಾರದ ಕ್ಯಾನ್ ತಂದು ಧೂಳು ಒರೆಸಿ ಐದು ಲೀಟರ್ ಬಿಟ್ಟರು. ಕತ್ತಿನ ಗಾಜಿನಲ್ಲಿ ಪೆಟ್ರೋಲ್ ಸರಿಯಾಗಿ ಗೆರೆಯ ಮೇಲೆ ನಿಂತಿತು. ಹಾಗೆ ಕೇಳಿದ ಮೇಲೆ ಹೇಗೆ ಬಿಟ್ಟುಹೋಗುವುದು? ಅಷ್ಟನ್ನೂ ನನ್ನ ಟ್ಯಾಂಕಿಗೇ ಹಾಕಿಸಿಕೊಂಡೆ.

◆ ಬಂಕಿನಲ್ಲಿ ಟೈರಿಗೆ ಗಾಳಿ ಉಚಿತ, ಪೆಟ್ರೋಲ್ ಹಾಕಿಸದಿದ್ದರೂ. ಗಾಳಿ ಕಡಿಮೆಯಾದರೆ ಮೈಲೇಜೂ ಬೀಳುತ್ತದೆ. ಅವತ್ತು ಆ ಐದು ಲೀಟರ್ ಹಾಕಿಸಿಕೊಂಡು ಗಾಳಿ ಯಂತ್ರದ ಹತ್ತಿರ ಹೋದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಅಂಟಿಸಿದ್ದರು: ಕೆಟ್ಟಿದೆ.