ದವಾಖಾನಿ ಹೊತ್ತು ಗೊತ್ತು ಮಾಡುವವರು ಯಾರು?

ಕಮಲಾಪುರ ತಾಲ್ಲೂಕಿನ ಯಾವುದಾದರೂ ತಾಂಡಾದಿಂದ ಬಿಪಿ ಗುಳಿಗೆಗೆ ಹೊರಟ ಅಜ್ಜಿಯೊಬ್ಬಳ ಜೊತೆ ಒಂದು ದಿನ ಹೋಗಿ ಬನ್ನಿ. ಕೈಯಲ್ಲೊಂದು ಗಡಿಯಾರ, ಒಂದು ನೋಟ್‌ಬುಕ್ ಇದ್ದರೆ ಸಾಕು. ಬಸ್ಸು ಎಷ್ಟೊತ್ತಿಗೆ ಬಂತು, ಚೀಟಿ ಮಾಡಿಸಲು ಎಷ್ಟು ಹೊತ್ತು ನಿಂತಳು, ಡಾಕ್ಟರ ಮುಂದೆ ಎಷ್ಟು ನಿಮಿಷ ಕೂತಳು, ಗುಳಿಗೆ ಎಷ್ಟು ದಿನಕ್ಕೆ ಕೊಟ್ಟರು, ವಾಪಸ್ ಬಸ್ಸು ಎಷ್ಟಕ್ಕೆ, ಎಲ್ಲ ಬರೆದುಕೊಳ್ಳಿ. ಮನೆಯಲ್ಲಿ ಲಂಬಾಣಿ ಆಡುವ ಆಕೆಗೆ ಯಾವ ಗುಳಿಗೆ ಮುಂಜಾನೆ, ಯಾವುದು ರಾತ್ರಿ ಎಂಬುದು ತಿಳಿಯಿತೇ ಎಂದು ದಾರಿಯಲ್ಲಿ ಮೆಲ್ಲಗೆ ಕೇಳಿ. ಹದಿನೈದು ದಿನದ್ದಷ್ಟೇ ಕೊಟ್ಟಿದ್ದರೆ ತಿಂಗಳಿಗೆ ಎರಡು ದಿನದ ಕೂಲಿ ಹೋಯಿತು. ಅದು ಅಜ್ಜಿಯದಲ್ಲ, ಆಕೆಯನ್ನು ಕರೆತಂದ ಸೊಸೆಯದು.

ದವಾಖಾನಿಯ ರಿಜಿಸ್ಟರಿನಲ್ಲಿ ಈ ಇಡೀ ದಿನ ಒಂದು ಸಾಲು. ಸೇವೆ ಹೇಗಿರಬೇಕೆಂದು ಗೊತ್ತುಮಾಡುವಾಗ ರೋಗಿಯನ್ನೂ ಕೂಡಿಸಿಕೊಳ್ಳಿ ಎಂಬ ಮಾತು ಬಂದದ್ದೇ ಇದಕ್ಕಾಗಿ. 1978ರ ಆಲ್ಮಾ-ಆಟಾ ಘೋಷಣೆ ಅದನ್ನು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದಿತು. ನಮ್ಮಲ್ಲಿ 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅದಕ್ಕೊಂದು ಸಮಿತಿ, ಒಂದಿಷ್ಟು ದುಡ್ಡು ಕೊಟ್ಟಿತು. ಆದರೂ ಜನ ಸೋಲುವುದು ಯಾವ ಮಾತನ್ನು ಎಲ್ಲಿ ಎತ್ತಬೇಕು ಎಂಬಲ್ಲಿ.

ಊರಿನ ಮಟ್ಟದಲ್ಲಿ ಇರುವುದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಕನಿಷ್ಠ 15 ಮಂದಿ, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಅಧ್ಯಕ್ಷತೆ ಪಂಚಾಯಿತಿ ಸದಸ್ಯರದು, ಮಾರ್ಗಸೂಚಿಯ ಪ್ರಕಾರ ಬರೆಯುವ ಕೆಲಸ ಆಶಾ ಕಾರ್ಯಕರ್ತೆಯದು. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಇಂಥದ್ದಕ್ಕೇ ಎಂಬ ಕಟ್ಟು ಇಲ್ಲದ ದುಡ್ಡು. ಗಟಾರ ಬಳಿಸಲು, ರಾತ್ರಿ ಹೊತ್ತು ಬಡವರ ಮನೆಯ ಬಾಣಂತಿಗೆ ಗಾಡಿ ಮಾಡಿಕೊಡಲು ಅಷ್ಟು ಸಾಕು. ಅದರ ಮೇಲೆ ಉಪಕೇಂದ್ರದಲ್ಲಿ ಜನ ಆರೋಗ್ಯ ಸಮಿತಿ: ಪಂಚಾಯಿತಿ ಅಧ್ಯಕ್ಷರು ಮುಖ್ಯಸ್ಥರು, ಸಮುದಾಯ ಆರೋಗ್ಯ ಅಧಿಕಾರಿ ಕಾರ್ಯದರ್ಶಿ. ದೊಡ್ಡ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಬೆಂಚು, ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯದ ಚಿಲಕ, ಚೀಟಿ ಸಾಲಿನ ಮೇಲೊಂದು ನೆರಳು, ಇವೆಲ್ಲ ಈ ಸಮಿತಿಗಳ ಕೈಯಳತೆಯ ಕೆಲಸ. ಡಾಕ್ಟರ ಹುದ್ದೆ ಖಾಲಿ ಇದೆ ಎಂಬುದನ್ನು ಇಲ್ಲಿ ಎತ್ತಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. ಅದಕ್ಕೆ ಶಾಸಕರು ನಡೆಸುವ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯೇ ಸರಿಯಾದ ಜಾಗ.

ಅಜ್ಜಿಯ ಗುಳಿಗೆಗೆ ಬರೋಣ. ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಈಗ ಕರೆಸಿಕೊಳ್ಳುವ ಉಪಕೇಂದ್ರಗಳ ಉದ್ದೇಶಗಳಲ್ಲೊಂದು ಬಿಪಿ, ಶುಗರ್ ಗುಳಿಗೆ ಊರ ಹತ್ತಿರವೇ ಸಿಗಲಿ ಎಂಬುದು. ಹಾಗಾಗಿ "ಕಮಲಾಪುರದಲ್ಲಿ ರಶ್ ಕಡಿಮೆ ಮಾಡಿ" ಎನ್ನುವ ಅರ್ಜಿಗಿಂತ "ನಮ್ಮ ಉಪಕೇಂದ್ರದಲ್ಲಿ ತಿಂಗಳ ಗುಳಿಗೆ ಒಟ್ಟಿಗೇ ಕೊಡಿ, ಇಷ್ಟು ಮಂದಿಗೆ ಬೇಕು" ಎನ್ನುವ ಅರ್ಜಿ ಗಟ್ಟಿ. ಆ "ಇಷ್ಟು ಮಂದಿ" ಎಷ್ಟೆಂದು ಆಶಾ ಹತ್ತಿರ ಲೆಕ್ಕ ಇರುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರನ್ನು ಬೇರೆ ಬರೆದುಕೊಳ್ಳಬೇಕು. ಅವರಿಗೆ ಹೊರಡುವ ಮುಂಚೆ ಗುಳಿಗೆ, ಜೊತೆಗೆ ಬಿಪಿ ಬರೆದ ಚೀಟಿ ಬೇಕು.

ಸಭೆಯ ದಿನವನ್ನೂ ಇದೇ ಕಣ್ಣಿನಿಂದ ನೋಡಬೇಕು. ಡಿಸೆಂಬರ್-ಜನವರಿಯ ರಾಶಿ ಹೊತ್ತಿನಲ್ಲಿ ಕರೆದರೆ ಸಹಿ ಮಾತ್ರ ಬರುತ್ತದೆ, ಮನುಷ್ಯರು ಬರುವುದಿಲ್ಲ. ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಯಾರು ಬಂದಾರು? ತಾಂಡಾದಲ್ಲಾದರೆ ಸಂಜೆ ಸೇವಾಲಾಲರ ಗುಡಿಯ ಕಟ್ಟೆ ಒಳ್ಳೆಯದು. ಪಂಚಾಯಿತಿ ಹಾಲಿನ ಕುರ್ಚಿಯಲ್ಲಿ ಬಾಯಿ ಬಿಡದ ಹೆಣ್ಣುಮಕ್ಕಳು ಅಲ್ಲಿ ಮಾತಾಡುತ್ತಾರೆ.

ಕಮಲಾಪುರದಿಂದ ಹುಮನಾಬಾದ ರಸ್ತೆ ಹಿಡಿದು ಕಲಬುರಗಿಗೆ ಬಂದರೆ ಜಿಮ್ಸ್ ಆಸ್ಪತ್ರೆ ಇದೆ, ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಹೃದಯ ತಪಾಸಣೆಗೆ ಬೆಂಗಳೂರಿಗೆ ಓಡುವ ಗರಜಿಲ್ಲ. ಆದರೆ ನಗರದ ಕೂಲಿಕಾರನ ತಾಪತ್ರಯ ಬೇರೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಿಗೆ ಗೊತ್ತುಮಾಡಿದ್ದು ಬೆಳಗ್ಗೆ 9ರಿಂದ ಸಂಜೆ 4.30ರ ಹೊತ್ತು. ಗಾರೆ ಕೆಲಸದವನು ಎಂಟಕ್ಕೆ ಕೂಲಿ ನಾಕಾಗೆ ಹೋಗಿ ನಿಂತು, ಆರಕ್ಕೆ ಮನೆಗೆ ಬರುತ್ತಾನೆ. ತಮಾಷೆ ಎಂದರೆ, 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಚೌಕಟ್ಟೇ ನಗರ ಪ್ರಾಥಮಿಕ ಕೇಂದ್ರಗಳಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರ ಹೊತ್ತನ್ನು ಸೂಚಿಸಿತ್ತು. ಓಣಿಯ ಮಹಿಳಾ ಆರೋಗ್ಯ ಸಮಿತಿಗೆ (50ರಿಂದ 100 ಮನೆಗೊಂದು, ವರ್ಷಕ್ಕೆ 5,000 ರೂಪಾಯಿ) ಈ ಸಂಗತಿ ಗೊತ್ತಿದ್ದರೆ ಕೇಳುವ ದನಿಯೇ ಬೇರೆಯಾಗುತ್ತದೆ.

ಕೇಳಿದ್ದು ಕಾಗದಕ್ಕೆ ಬರದಿದ್ದರೆ ಕೇಳಿದ ಹಾಗಲ್ಲ. ಪ್ರತಿ ಠರಾವಿಗೂ ಮೂರು ಸಂಗತಿ ಇರಲಿ: ಏನು, ಯಾರು, ಯಾವ ತಾರೀಖಿನೊಳಗೆ. "ಪರಿಶೀಲಿಸಲಾಗುವುದು" ಎಂಬ ಪದ ಬಂದರೆ ಆ ಠರಾವು ಸತ್ತಂತೆ ಎಂದು ನನ್ನ ಲೆಕ್ಕ. ಓದು ಬರದವರಿಗಾಗಿ 2007ರಿಂದ 2009ರ ನಡುವೆ ಒಂದು ಉಪಾಯ ನಡೆದಿತ್ತು. ಒಂಬತ್ತು ರಾಜ್ಯಗಳಲ್ಲಿ ನಡೆದ ಸಮುದಾಯ ನಿಗಾ ಪ್ರಯೋಗದಲ್ಲಿ ಕರ್ನಾಟಕವೂ ಇತ್ತು, ನಮ್ಮ ಕಲಬುರಗಿ ವಿಭಾಗದ ರಾಯಚೂರೂ ಇತ್ತು. ಊರವರೇ ಒಂದೊಂದು ಸೇವೆಗೂ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟು ವರದಿ ಪತ್ರ ಮಾಡುತ್ತಿದ್ದರು. ಗೋಡೆಗೆ ಅಂಟಿಸಿದ ಕೆಂಪು ಚೌಕ ಎಲ್ಲರಿಗೂ ಕಾಣುತ್ತದೆ.

ನಡಾವಳಿ ತೋರಿಸದಿದ್ದರೆ ಮಾಹಿತಿ ಹಕ್ಕಿದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಕೋಪವೆಲ್ಲ ಅದರಲ್ಲೇ ತುಂಬಲು ಹೋದರೆ ಅರ್ಜಿ ವಾಪಸ್ ಬರುತ್ತದೆ. ಹೋದ ವರ್ಷದ ಸಭೆಗಳ ನಡಾವಳಿಯ ನಕಲು, ಮುಕ್ತ ನಿಧಿಯ ಖರ್ಚಿನ ನಕಲು, ಇವೆರಡನ್ನೇ, ಬೇರೆ ಬೇರೆ ಅರ್ಜಿಯಲ್ಲಿ, ಕೇಳಿ. ನಕಲು ಕೈಗೆ ಬಂದ ಮೇಲೆ ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಜೋರಾಗಿ ಓದಿಸಿ, ಹೊಸ ಮಾತು ಆಮೇಲೆ. ಓದಲು ಆ ಸೊಸೆಗೇ ಹೇಳಿ.