ಏಳು ತಂತಿಯ ಪಿಟೀಲು



ಕಲಬುರಗಿಯಿಂದ ಬೀದರಿನ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವೆಂಬ ಊರುಂಟು. ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ನಿಮ್ಮಲ್ಲಿ ಅನೇಕರು ಸವಿದಿರಬೇಕು. ಆ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯ ಭಜನೆಗೆ ಹೋಗಿ ಕುಳಿತರೆ, ತಾಳ ತಬಲಗಳ ನಡುವೆ ಪೇಟಿಯ ಸ್ವರ ಕೇಳಿಬರುವುದು. ಪೇಟಿಯು ಯೂರೋಪ್ ಖಂಡದಲ್ಲಿ ಹುಟ್ಟಿದ ವಾದ್ಯವೆಂದು ಭಜನೆಯ ಹಿರಿಯರಿಗೆ ಹೇಳಿದರೆ ಅವರು ನಕ್ಕಾರು. ಅದು ಅವರ ಪಾಲಿಗೆ ಅಷ್ಟು ಮಟ್ಟಿಗೆ ಮನೆಯದಾಗಿದೆ. ಆದರೆ ಅದನ್ನು ನುಡಿಸುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಹಾಡುವವನ ಹೆಸರು ಮಾತ್ರ ಊರೂರಿಗೆ ಹರಡುವುದು. ಇಂಥದೇ ಇನ್ನೊಂದು ಪರದೇಶದ ವಾದ್ಯವನ್ನು ನಮ್ಮದಾಗಿ ಮಾಡಿ, ಪಕ್ಕದಲ್ಲಿ ಕುಳಿತು ನುಡಿಸುವವನಿಗೂ ಹೆಸರನ್ನು ಗಳಿಸಿಕೊಟ್ಟ ಒಬ್ಬ ಕನ್ನಡಿಗರ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅವರೇ ಪಿಟೀಲು ಚೌಡಯ್ಯನವರು.

ನಮ್ಮ ಕಲಬುರಗಿಯ ಕಿವಿಗೆ ಬಂದೇನವಾಜರ ದರ್ಗಾದ ಕವ್ವಾಲಿ, ಶರಣಬಸವೇಶ್ವರರ ಗುಡಿಯ ಭಜನೆ, ಹಿಂದೂಸ್ತಾನಿ ಗಾಯನ, ಇವು ಹೆಚ್ಚು ಪರಿಚಿತವಾದುವು. ಪಿಟೀಲೆಂದರೆ ದಕ್ಷಿಣದವರ ವಾದ್ಯವೆಂಬುದು ಇಲ್ಲಿಯ ಸಾಮಾನ್ಯ ಭಾವನೆ. ವಾಸ್ತವವಾಗಿ ಅದು ದಕ್ಷಿಣದವರದೂ ಅಲ್ಲ. ಫಿಡಲ್ ಎಂಬ ಇಂಗ್ಲಿಷ್ ಮಾತೇ ನಮ್ಮ ಬಾಯಲ್ಲಿ ಪಿಟೀಲಾಯಿತು. ಸ್ಕಾಟ್ಲೆಂಡ್ ಐರ್ಲೆಂಡುಗಳ ಕೆಲ್ಟಿಕ್ ಜನರಲ್ಲಿ ಅದು ಹಳ್ಳಿಯ ಕುಣಿತದ ವಾದ್ಯ. ೧೭೨೭ರಲ್ಲಿ ಹುಟ್ಟಿ ೧೮೦೭ರಲ್ಲಿ ತೀರಿಕೊಂಡ ನೀಲ್ ಗೌ ಎಂಬಾತನು ನೇಕಾರರ ಮನೆಯಲ್ಲಿ ಬೆಳೆದು, ಕುಣಿತದ ಕೂಟಗಳಲ್ಲಿ ಫಿಡಲನ್ನು ನುಡಿಸಿಯೇ ಸ್ಕಾಟ್ಲೆಂಡಿನಲ್ಲೆಲ್ಲ ಹೆಸರಾದನು. ಆ ಜನರ ಮಟ್ಟುಗಳು ಕುಂಪಣಿಯ ದಂಡಿನ ಬ್ಯಾಂಡಿನೊಡನೆ ಮದರಾಸಿನ ಕೋಟೆಗೆ ಬಂದುವು. ಮುತ್ತುಸ್ವಾಮಿ ದೀಕ್ಷಿತರು ಅಂತಹ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳೆಂಬ ಕೃತಿಗಳನ್ನು ರಚಿಸಿದರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಆ ವಾದ್ಯವನ್ನೇ ಕಲಿತು ಕರ್ಣಾಟಕ ಸಂಗೀತಕ್ಕೆ ತಂದರು.

ಇದು ಹೇಗೆ ಸಾಧ್ಯವಾಯಿತು? ವೀಣೆಗೆ ಮೆಟ್ಟುಗಳಿವೆ, ಪೇಟಿಗೆ ಮನೆಗಳಿವೆ. ಪಿಟೀಲಿಗೆ ಇವೆರಡೂ ಇಲ್ಲ. ಬೆರಳು ತಂತಿಯ ಮೇಲೆ ಎಲ್ಲಿ ನಿಂತರೆ ಅಲ್ಲಿಯೇ ಸ್ವರ. ಆದುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ, ನಡುಗುವ ನಮ್ಮ ಗಮಕಗಳೆಲ್ಲವೂ ಅದರಲ್ಲಿ ಕಂಠದಲ್ಲಿ ಹೇಗೋ ಹಾಗೆಯೇ ಬರುವುವು. ಪಾಶ್ಚಾತ್ಯನು ಅದನ್ನು ಭುಜದ ಮೇಲಿಟ್ಟು ನಿಂತು ನುಡಿಸಿದರೆ, ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಗಾಲಿನ ಮೇಲೆ ಊರಿ, ಎಡಗೈಯನ್ನು ಹೊರೆಯಿಂದ ಬಿಡಿಸಿದರು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿಮಾಡಿದರು. ಮರ ಅದೇ, ಕಮಾನು ಅದೇ. ನುಡಿ ಮಾತ್ರ ಬೇರೆ.

ಚೌಡಯ್ಯನವರು ೧೮೯೫ರಲ್ಲಿ ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದ ಕಡೆ ಜನಿಸಿದರು. ಮುಂದೆ ತಾವು ರಚಿಸಿದ ಕೃತಿಗಳಲ್ಲಿ 'ತ್ರಿಮಕುಟ' ಎಂಬ ಅಂಕಿತವನ್ನು ಇಟ್ಟುದು ಈ ಜನ್ಮಭೂಮಿಯ ನೆನಪಿನಿಂದಲೇ. ೧೯೧೦ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿಗೆ ನಿಂತರು. ಕೃಷ್ಣಪ್ಪನವರು ಗಾಯಕರು, ದಾಸರ ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನವನ್ನು ತಂದುಕೊಟ್ಟವರು. ಗಾಯಕರಿಂದ ವಾದ್ಯವನ್ನು ಕಲಿತುದರ ಫಲವೇನೆಂದರೆ, ಶಿಷ್ಯರ ಪಿಟೀಲು ಬೆರಳಿನ ಚಮತ್ಕಾರಕ್ಕಿಂತ ಹೆಚ್ಚಾಗಿ ಹಾಡುವುದನ್ನೇ ಗುರಿಯಾಗಿಟ್ಟುಕೊಂಡಿತು.

ಆದರೆ ಆ ಕಾಲಕ್ಕೆ ಒಂದು ಕಷ್ಟ ಒದಗಿತು. ಸಂಗೀತವು ಅರಮನೆಯ ಚಾವಡಿಯನ್ನು ಬಿಟ್ಟು ಟಿಕೀಟು ಕೊಂಡ ನೂರಾರು ಜನರಿರುವ ಸಭೆಗೆ ಬಂದಿತ್ತು. ಧ್ವನಿವರ್ಧಕವು ಇನ್ನೂ ಬಂದಿರಲಿಲ್ಲ. ಗಾಯಕನ ತುಂಬುಕಂಠ, ಮೃದಂಗದ ಘೋಷ, ಇವುಗಳ ನಡುವೆ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಕೇಳಿಸದ ವಾದಕನ ವಿದ್ವತ್ತು ಎಷ್ಟಿದ್ದರೇನು? ಚೌಡಯ್ಯನವರು ಇದನ್ನು ವಿಧಿಯೆಂದು ಒಪ್ಪಿ ಸುಮ್ಮನಿರಲಿಲ್ಲ. ೧೯೨೭ರ ವೇಳೆಗೆ ಏಳು ತಂತಿಯ ಪಿಟೀಲನ್ನು ಸಿದ್ಧಮಾಡಿಕೊಂಡರು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿ. ಜೊತೆಯದು ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿಗೊಂಡಿರುವುದು. ಒಂದೇ ಬೆರಳು ಎರಡನ್ನೂ ಒತ್ತುವುದು, ಒಂದೇ ಕಮಾನು ಎರಡನ್ನೂ ಎಳೆಯುವುದು. ಕಿವಿಗೆ ಎರಡು ದನಿಗಳಲ್ಲ, ತುಂಬಿದ ಒಂದೇ ದನಿ. ಹೇಳುವುದು ಸುಲಭ, ನಡೆಸುವುದು ಕಠಿಣ. ಒಂದು ತಂತಿಯ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಸೊಗಸೆಲ್ಲ ಕರ್ಕಶವಾಗುವುದು. ಬೆರಳಿಗೆ ಬಲ ಹೆಚ್ಚು ಬೇಕು, ಕಮಾನಿಗೆ ಉದ್ದವಾದ ಗಂಭೀರವಾದ ಎಳೆತ ಬೇಕು. ಚೌಡಯ್ಯನವರಲ್ಲಿ ಇವೆರಡೂ ಇದ್ದುವು.

ತರುವಾಯ ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದ ಅಗ್ರಗಣ್ಯ ಗಾಯಕರ ಪಕ್ಕದಲ್ಲಿ ಅವರ ಸ್ಥಾನ ಸ್ಥಿರವಾಯಿತು. ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಇವರೊಡನೆ ಚೌಡಯ್ಯನವರನ್ನೂ ಸೇರಿಸಿ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಎಣಿಸಿದರು. ಮೈಸೂರಿನ ಆಸ್ಥಾನವು ಅವರಿಗೆ 'ಸಂಗೀತರತ್ನ' ಬಿರುದನ್ನು ಕೊಟ್ಟಿತು. ಅವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ನಡೆಸಿದರು; ೧೯೪೩ರ 'ವಾಣಿ' ಎಂಬ ಕನ್ನಡ ಚಲಚ್ಚಿತ್ರದ ಸಾಹಸಕ್ಕೂ ಕೈಹಾಕಿದರು. ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯು 'ಸಂಗೀತ ಕಲಾನಿಧಿ'ಯೆಂದು ಅವರನ್ನು ಗೌರವಿಸಿತು. ಪಕ್ಕದಲ್ಲಿ ಕುಳಿತವರು ಅಂದು ಅಧ್ಯಕ್ಷಪೀಠದಲ್ಲಿ ಕುಳಿತರು. ೧೯೬೭ರ ಜನವರಿಯಲ್ಲಿ ಅವರು ದಿವಂಗತರಾದರು.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಬಹುದು. ಧ್ವನಿವರ್ಧಕ ಬಂದ ಮೇಲೆ ಏಳು ತಂತಿಗಳು ಏತಕ್ಕೆ? ಈ ಪ್ರಶ್ನೆಯಲ್ಲಿ ಸತ್ಯವುಂಟು. ಹೆಚ್ಚಿನ ವಾದಕರು ಇಂದಿಗೂ ನಾಲ್ಕು ತಂತಿಗಳಿಂದಲೇ ತೃಪ್ತರು. ಬಿಡಾರಂ ಪರಂಪರೆಯ ಆರ್. ಆರ್. ಕೇಶವಮೂರ್ತಿಗಳಂಥ ಕೆಲವರು ಮಾತ್ರ ಏಳು ತಂತಿಯ ದಾರಿಯನ್ನು ಹಿಡಿದರು. ಬೆಂಗಳೂರಿನಲ್ಲಿ ಚೌಡಯ್ಯನವರ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಆ ಕಟ್ಟಡವನ್ನು ನೋಡಿದವರೆಲ್ಲ ಏಳು ತಂತಿಯ ನಾದವನ್ನು ಕೇಳಿದವರಲ್ಲ. ಆದರೆ ಯಂತ್ರವು ದನಿಯನ್ನು ದೊಡ್ಡದು ಮಾಡೀತೇ ಹೊರತು ತುಂಬಿಸಲಾರದು. ಅದಕ್ಕಿಂತ ಮುಖ್ಯವಾದುದು, ತಮ್ಮ ವಾದ್ಯವು ಕೇಳಿಸಲೇಬೇಕೆಂದು ಅವರು ಹಿಡಿದ ಹಟ. ಅದಕ್ಕಾಗಿ ಅವರು ಗಾಯಕನೊಡನೆ ಜಗಳಕ್ಕೆ ಹೋಗಲಿಲ್ಲ, ಪಕ್ಕದ ಸ್ಥಾನವನ್ನೂ ಬಿಡಲಿಲ್ಲ. ಆ ಸ್ಥಾನವನ್ನೇ ಎತ್ತರಿಸಿದರು.

ಇನ್ನು ಮುಂದೆ ಕಮಲಾಪುರದ ಭಜನೆಗಾಗಲಿ ಕಲಬುರಗಿಯ ಕಚೇರಿಗಾಗಲಿ ನೀವು ಹೋದಾಗ, ಹಾಡಿದವನ ಹೆಸರಿನ ಜೊತೆಗೆ ಪಕ್ಕದಲ್ಲಿ ಕುಳಿತು ನುಡಿಸಿದವನ ಹೆಸರನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಿ. ಇಷ್ಟನ್ನು ಬಿನ್ನವಿಸಿ ವಿರಮಿಸುವೆನು.