ಕಡಲೆಕಾಯಿ: ಒಣಗಿದ್ದರೆ ಆಹಾರ, ಬೂಷ್ಟು ಹಿಡಿದರೆ ವಿಷ



ಕಳೆದ ಮಳೆಗಾಲದಲ್ಲಿ ಮನೆಭೇಟಿಗೆ ಹೋಗಿದ್ದಾಗ ಒಂದು ಮನೆಯ ತಾಯಿ ಚಹಾದ ಜೊತೆಗೆ ಹುರಿದ ಕಡಲೆಕಾಯಿ ಬೀಜವನ್ನು ತಟ್ಟೆಯಲ್ಲಿ ತಂದಿಟ್ಟರು. ಬಾಯಿಗೆ ಹಾಕಿಕೊಂಡ ಎರಡನೆಯ ಬೀಜವೇ ಕಹಿ. ಡಬ್ಬ ತರಿಸಿ ನೋಡಿದರೆ ತಳದ ಬೀಜಗಳ ಮೇಲೆ ಹಸಿರು-ಹಳದಿ ಪುಡಿ ಕೂತಿತ್ತು. "ಅದನ್ನು ಆರಿಸಿ ಹಸುವಿಗೆ ಹಾಕುತ್ತೇವೆ ಫಾದರ್, ಎಸೆಯುವುದಿಲ್ಲ" ಎಂದರು ಆ ತಾಯಿ. ಆಹಾರವನ್ನು ಎಸೆಯಬಾರದೆಂಬುದು ನಮ್ಮ ರೈತ ಕುಟುಂಬಗಳ ಒಳ್ಳೆಯ ಗುಣ. ಆದರೆ ಈ ಒಂದು ವಿಷಯದಲ್ಲಿ ಎಸೆಯುವುದೇ ಸರಿ. ಏಕೆಂಬುದನ್ನೂ, ಒಳ್ಳೆಯ ಕಡಲೆಕಾಯಿಯಿಂದ ಮನೆಯಲ್ಲೇ ಮಾಡಬಹುದಾದ ಕೆಲವು ತಿನಿಸುಗಳನ್ನೂ ಈ ಸಲ ತಿಳಿಯೋಣ.

ಬಡವರ ಪೌಷ್ಟಿಕ ಆಹಾರ

ದಕ್ಷಿಣ ಅಮೆರಿಕದ ಮೂಲದ ಈ ಗಿಡ ಇಂದು ನಮ್ಮ ನಾಡಿನದೇ ಆಗಿಹೋಗಿದೆ. ಮೀನಂಗಡಿಯ ನಮ್ಮ ತೋಟಗಳಲ್ಲಿ ಕಾಫಿ, ಮೆಣಸು, ಬಾಳೆ, ಅಡಿಕೆ ಉಂಟು. ಕಡಲೆಕಾಯಿಗೆ ಇಲ್ಲಿಯ ಮಳೆ ಹೆಚ್ಚಾಯಿತು. ಬತ್ತೇರಿ, ಮುತ್ತಂಗ ದಾಟಿ ಬಂಡೀಪುರದ ಕಾಡು ಕಳೆದು ಗುಂಡ್ಲುಪೇಟೆಯ ಬಯಲಿಗೆ ಇಳಿದರೆ ಅಲ್ಲಿ ಕಡಲೆಕಾಯಿ ಹೊಲಗಳು ಸಿಗುತ್ತವೆ. ಶುಂಠಿ ಬೆಳೆಯಲೆಂದು ಆ ಕಡೆಗೆ ಹೋಗಿ ಬರುವ ನಮ್ಮವರಿಗೆ ಇದು ಗೊತ್ತಿರುವ ಸಂಗತಿ.

100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 8 ಗ್ರಾಂ ನಾರು ಇದೆ. ತೂಕದ ಅರ್ಧದಷ್ಟು ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಕೇಡು ಮಾಡದ ಬಗೆಯದು. 'ಬಿ' ಗುಂಪಿನ ಜೀವಸತ್ವಗಳೂ ಮೆಗ್ನೀಸಿಯಮ್ಮೂ ಧಾರಾಳವಾಗಿವೆ. ಒಂದು ಹಿಡಿ, ಅಂದರೆ 30 ಗ್ರಾಂ ಬೀಜ ತಿಂದರೆ ಒಂದು ಮೊಟ್ಟೆಯಷ್ಟು ಪ್ರೋಟೀನು ದೊರೆಯುತ್ತದೆ. ತಪಸ್ಸುಕಾಲದಲ್ಲಿ ಮಾಂಸ ಬಿಡುವ ಮನೆಗಳಿಗೆ ಇದು ಒಳ್ಳೆಯ ಆಸರೆ. ಆದರೆ 100 ಗ್ರಾಂನಲ್ಲಿ 560ಕ್ಕೂ ಹೆಚ್ಚು ಕ್ಯಾಲೊರಿ ಇರುವುದರಿಂದ ದಿನಕ್ಕೆ ಒಂದು ಹಿಡಿ ಸಾಕು.

ಬೂಷ್ಟಿನೊಳಗಿನ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಹುಡುಕಿ ನೋಡಿದಾಗ ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ತಿಳಿಯಿತು. ಆ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷವನ್ನು ಬಿಟ್ಟಿತ್ತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಇದು ಯಕೃತ್ತಿಗೆ ಹಾನಿ ಮಾಡುತ್ತದೆ. ಬಹುಕಾಲ ಸ್ವಲ್ಪಸ್ವಲ್ಪವೇ ಹೊಟ್ಟೆಗೆ ಹೋದರೂ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕಾಮಾಲೆ ತರುವ ಹೆಪಟೈಟಿಸ್ 'ಬಿ' ಸೋಂಕು ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಕಡಲೆಕಾಯಿಗೇ ಈ ಕಾಟ ಹೆಚ್ಚೇಕೆ? ಹೂವು ಮೇಲೆ ಬಿಟ್ಟರೂ ಕಾಯಿ ಕಟ್ಟುವುದು ಮಣ್ಣಿನೊಳಗೆ. ಈ ಬೂಷ್ಟಿನ ವಾಸವೂ ಮಣ್ಣಿನಲ್ಲೇ. ಕಿತ್ತ ಕಾಯನ್ನು ಚೆನ್ನಾಗಿ ಒಣಗಿಸದಿದ್ದರೆ, ಒಣಗಿಸಿದ್ದು ಮತ್ತೆ ತೇವ ಎಳೆದುಕೊಂಡರೆ, ಅದು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ನಮ್ಮ ವಯನಾಡಿನಲ್ಲಿ ಬಯಲುಸೀಮೆಯವರಿಗಿಂತ ಹೆಚ್ಚು ಎಚ್ಚರಿಕೆ ಬೇಕು.

ಎರಡು ಮಾತು ಮುಖ್ಯ. ಮೊದಲನೆಯದು, ಹುರಿದರೆ ಅಥವಾ ಬೇಯಿಸಿದರೆ ಬೂಷ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಎರಡನೆಯದು, ಹಸುವಿಗೆ ಹಾಕಿದರೆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ. ನಾವು ಕೊಟ್ಟಿಗೆಗೆ ಕಳುಹಿಸಿದ್ದು ಮಗುವಿನ ಲೋಟದಲ್ಲಿ ಮರಳಿ ಬಂದಂತೆ. ಹಿಂಡಿಯ ಮೂಟೆಯನ್ನೂ ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಬೇಕು.

ಕೊಳ್ಳುವಾಗ, ಇಡುವಾಗ

1. ಹೊಸ ಕಡಲೆಕಾಯಿ ಧಾರಾಳವಾಗಿ ಬರುವ ನವೆಂಬರ್-ಡಿಸೆಂಬರ್‌ನಲ್ಲಿ ಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವುದೂ ಕಾರ್ತಿಕದ ಕೊನೆಯ ಸೋಮವಾರವೇ. ಆಗ ನಮ್ಮಲ್ಲಿಯೂ ಬಿಸಿಲು ಇರುತ್ತದೆ.
2. ಒಣಗಿದ ಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಇಲ್ಲದಿದ್ದರೆ ಇನ್ನೂ ಬಿಸಿಲಿಗೆ ಹಾಕಿರಿ.
3. ಸುಕ್ಕಿದ, ಬಣ್ಣಗೆಟ್ಟ, ಒಡೆದ, ಹುಳು ಕೊರೆದ ಬೀಜಗಳನ್ನು ಆರಿಸಿ ತೆಗೆಯಿರಿ. ವಿಷ ಹೆಚ್ಚಾಗಿ ಇಂಥ ಕೆಲವೇ ಬೀಜಗಳಲ್ಲಿ ಸೇರಿಕೊಂಡಿರುತ್ತದೆ.
4. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ತಂದು, ಹದವಾಗಿ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒದ್ದೆ ಚಮಚ ಹಾಕಬೇಡಿ.
5. ಮುಗ್ಗಲು ವಾಸನೆ ಬಂದರೆ, ಬೂಷ್ಟು ಕಂಡರೆ, ಡಬ್ಬದಲ್ಲಿರುವುದನ್ನೆಲ್ಲ ಹೂತುಹಾಕಿರಿ. ಹಸು, ಕೋಳಿಗಳಿಗೂ ಬೇಡ.

ಮಾಡಿ ನೋಡಿರಿ

ಅಮೆರಿಕದ ಟಸ್ಕೀಗಿ ಸಂಸ್ಥೆಯಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಗುಲಾಮಗಿರಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದವರು, ದೈವಭಕ್ತರು. ಹತ್ತಿಯೊಂದನ್ನೇ ಬೆಳೆದು ನೆಲ ಸವೆಸಿಕೊಂಡಿದ್ದ ಬಡ ರೈತರಿಗಾಗಿ 1916ರಲ್ಲಿ ಅವರು ಒಂದು ಕಿರುಹೊತ್ತಗೆ ಬರೆದು, ಕಡಲೆಕಾಯಿ ಬೆಳೆಯುವ ಕ್ರಮವನ್ನೂ ಅದರಿಂದ 105 ಬಗೆಯ ಅಡುಗೆಯನ್ನೂ ತಿಳಿಸಿದರು. ನಮಗೆ ಸದ್ಯಕ್ಕೆ ನಾಲ್ಕು ಸಾಕು.

ಉಸಲಿ: ಒಂದು ಲೋಟ ಹಸಿ ಬೀಜವನ್ನು ಐದಾರು ಗಂಟೆ ನೆನೆಸಿ, ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು ಬರುವವರೆಗೆ ಬೇಯಿಸಿ ನೀರು ಬಸಿಯಿರಿ. ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸು, ಹೆಚ್ಚಿದ ಶುಂಠಿಯ ಒಗ್ಗರಣೆ ಕೊಟ್ಟು ಬೀಜ ಬೆರೆಸಿ. ಮೇಲೆ ಎರಡು ಚಮಚ ಕಾಯಿತುರಿ, ಅರ್ಧ ನಿಂಬೆಯ ರಸ. ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ಬೇಕರಿ ತಿಂಡಿಗಿಂತ ಇದು ಮೇಲು.

ಚಟ್ನಿಪುಡಿ: ಉತ್ತರ ಕರ್ನಾಟಕದವರ ಊಟಕ್ಕೆ ಶೇಂಗಾ ಚಟ್ನಿಪುಡಿ ಬೇಕೇ ಬೇಕು. ಕಾಲು ಕಿಲೋ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಹುರಿದ ಒಣಮೆಣಸು ಎಂಟು, ಬೆಳ್ಳುಳ್ಳಿ ಹತ್ತು ಎಸಳು, ಒಂದು ಚಮಚ ಜೀರಿಗೆ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಗಂಜಿಗೂ ದೋಸೆಗೂ ಚೆನ್ನಾಗಿ ಹೊಂದುತ್ತದೆ. ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಹಾಕಿರಿ.

ರಾಗಿ ಉಂಡೆ: 150 ಗ್ರಾಂ ರಾಗಿ ಹಿಟ್ಟನ್ನು ಮೂರು ಚಮಚ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಹುರಿದು ಸಿಪ್ಪೆ ತೆಗೆದ 250 ಗ್ರಾಂ ಬೀಜವನ್ನು 175 ಗ್ರಾಂ ಬೆಲ್ಲದ ಪುಡಿಯೊಂದಿಗೆ ಎಣ್ಣೆ ಬಿಡುವಷ್ಟು ಅರೆದು, ರಾಗಿ ಹಿಟ್ಟು, ಏಲಕ್ಕಿ ಬೆರೆಸಿ ಬೆಚ್ಚಗಿರುವಾಗಲೇ ಕಟ್ಟಿರಿ. ಇಪ್ಪತ್ತು ಉಂಡೆಗಳಾಗುತ್ತವೆ. ಕೂಲಿಗೆ ಹೋಗುವ ತಾಯಂದಿರಿಗೂ ಬೆಳೆಯುವ ಮಕ್ಕಳಿಗೂ ದಿನಕ್ಕೊಂದು ಸಾಕು.

ನೇಂದ್ರ ಬಾಳೆಯ ಸಿಹಿ: ಚೆನ್ನಾಗಿ ಮಾಗಿದ ಎರಡು ನೇಂದ್ರ ಹಣ್ಣನ್ನು ಸಿಪ್ಪೆ ಸಮೇತ ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸಿ. ಸಿಪ್ಪೆ ಸುಲಿದು ಉದ್ದಕ್ಕೆ ಸೀಳಿ, ನಾಲ್ಕು ಚಮಚ ಹುರಿದ ಕಡಲೆಕಾಯಿ ಪುಡಿ, ಎರಡು ಚಮಚ ಕಾಯಿತುರಿ, ಚಿಟಿಕೆ ಏಲಕ್ಕಿ ತುಂಬಿರಿ. ಸಕ್ಕರೆ ಬೇಡವೇ ಬೇಡ.

ಮಕ್ಕಳ ವಿಷಯದಲ್ಲಿ

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು. ಉಸಿರುನಾಳಕ್ಕೆ ಸಿಕ್ಕಿಕೊಂಡು ಪ್ರಾಣಾಪಾಯವಾದೀತು. ಅವರಿಗೆ ನುಣ್ಣಗೆ ಪುಡಿಮಾಡಿ ಗಂಜಿಯಲ್ಲಿ ಬೆರೆಸಿ ಕೊಡಿ. ಕೆಲವರಿಗೆ ಕಡಲೆಕಾಯಿಯೇ ಒಗ್ಗುವುದಿಲ್ಲ. ತಿಂದ ಕೂಡಲೆ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಾನು ಮೊದಲು ಹೇಳಿದ ಆ ಮನೆಯಲ್ಲಿ ಡಬ್ಬವನ್ನು ತೋಟದ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆವು. ಆ ತಾಯಿಗೆ ಮನಸ್ಸು ಒಪ್ಪಲಿಲ್ಲ. ಆದರೂ ಕೊಟ್ಟಿಗೆಯ ಹಸುವಿನ ಹಾಲು ಕುಡಿಯುವ ಮೊಮ್ಮಗನನ್ನು ನೆನೆದು ಒಪ್ಪಿದರು. ದೇವರು ಕೊಟ್ಟ ಆಹಾರಕ್ಕೆ ಕೃತಜ್ಞರಾಗಿರುವುದೆಂದರೆ ಅದನ್ನು ಕೆಡದಂತೆ ಕಾಪಾಡಿಕೊಳ್ಳುವುದೂ ಹೌದು. ಇಂದೇ ನಿಮ್ಮ ಮನೆಯ ಡಬ್ಬದ ಮುಚ್ಚಳ ತೆಗೆದು ತಳದವರೆಗೆ ನೋಡಿರಿ. ನಿಮ್ಮ ಊಟದ ಮೇಲೆಯೂ ಮನೆಯ ಮೇಲೆಯೂ ಪ್ರಭುವಿನ ಆಶೀರ್ವಾದವಿರಲಿ.